ಹೋಟೆಲ್‌ನಂಥ ಬಾತ್‌ರೂಮ್ ಬೇಕು, ಆದರೆ ಗೋಡೆಯೇ ಒದ್ದೆ: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಮಸ್ಕಾರ ಸರ್. ತುಮಕೂರಿನಲ್ಲಿ ನಮ್ಮದು 30–40 ಸೈಟಿನ ಮನೆ. ಕಟ್ಟಿಸಿ 18 ವರ್ಷ ಆಯಿತು. ಕೆಳಗಿನ ಬಾತ್‌ರೂಮ್ 5 ಅಡಿ ಅಗಲ, 8 ಅಡಿ ಉದ್ದ. ನಾನು ಹೈಸ್ಕೂಲ್ ಟೀಚರ್. ಸಂಜೆ ಬಂದ ಮೇಲೆ ಹತ್ತು ನಿಮಿಷ ನೆಮ್ಮದಿಯಾಗಿ ಸ್ನಾನ ಮಾಡೋಣ ಅಂದರೆ ಅದರೊಳಗೆ ಕಾಲಿಡಲೇ ಮನಸ್ಸಾಗುವುದಿಲ್ಲ. ಯಾವಾಗಲೂ ಒದ್ದೆ, ಏನೋ ಒಂದು ವಾಸನೆ, ಎಲ್ಲೆಲ್ಲೂ ಬೋರ್‌ವೆಲ್ ನೀರಿನ ಬಿಳಿ ಕಲೆ. ಪಕ್ಕದ ಬೆಡ್‌ರೂಮಿನ ಗೋಡೆಯಲ್ಲಿ ಪೇಂಟ್ ಉದುರುತ್ತಿದೆ. ಅತ್ತೆಗೆ 74 ವರ್ಷ, ಮಂಡಿ ನೋವು. ಹೋದ ತಿಂಗಳು ಜಾರಿ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಈ ಸಲ ಪೂರ್ತಿ ರಿಪೇರಿ ಮಾಡಿಸಿ, ಹೋಟೆಲ್‌ನಲ್ಲಿ ಇರುವ ಹಾಗೆ ಶಾಂತವಾದ ಬಾತ್‌ರೂಮ್ ಮಾಡಿಕೊಳ್ಳೋಣ ಅಂತ ಇದ್ದೇವೆ. ಮಗಳಿಗೆ ಬಾತ್‌ಟಬ್ ಬೇಕು. ನಮ್ಮ ಮನೆಯವರಿಗೆ ದೊಡ್ಡ ರೇನ್ ಶವರ್, ಗಾಜಿನ ಪಾರ್ಟಿಷನ್ ಬೇಕು. ಹಳೇ ಟೈಲ್ಸ್ ಮೇಲೇ ಬಿಳಿ ಹೊಳೆಯುವ ಟೈಲ್ಸ್ ಅಂಟಿಸಿ ನಾಲ್ಕು ದಿನದಲ್ಲಿ ಮುಗಿಸಿಕೊಡುತ್ತೇನೆ, ರೂಮ್ ದೊಡ್ಡದಾಗಿ ಕಾಣುತ್ತದೆ ಅಂತಾರೆ ಕಂಟ್ರಾಕ್ಟರ್. ಕಮೋಡ್ ಜಾಗ ಬದಲಾಯಿಸಿ ಅಂತ ವಾಸ್ತು ನೋಡಿದವರು ಹೇಳಿದ್ದಾರೆ. ನಾವು ಎಲ್ಲಿಂದ ಶುರು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಟಬ್ಬು, ಶವರ್, ಗಾಜು ಎಲ್ಲ ಕೊನೆಯಲ್ಲಿ ಬರುತ್ತವೆ. ಮೊದಲು ಬರೆದಿರುವುದು ಒದ್ದೆ, ವಾಸನೆ, ಅತ್ತೆ ಜಾರಿದ ವಿಷಯ. ಕೆಲಸ ಮಾಡಿಸಬೇಕಾದ ಕ್ರಮವೂ ಅದೇ. ಒಳಗೆ ಹೋದಾಗ ಮನಸ್ಸಿಗೆ ಹಿತವಾಗದಿರಲು ನೀವು ಬರೆದ ಮೂರು ಕಾರಣಗಳೇ ಸಾಕು, ಮತ್ತು ಅವುಗಳ ಮುಖ್ಯ ಬೇರು ಒಂದೇ: ನಿಮ್ಮ ಬಾತ್‌ರೂಮ್ ಒಣಗುತ್ತಿಲ್ಲ. ಇಪ್ಪತ್ತೆರಡು ವರ್ಷದಿಂದ ಮನೆಗಳ ಕೆಲಸ ಮಾಡುತ್ತಿದ್ದೇನೆ. ಒಣಗದ ಬಾತ್‌ರೂಮಿಗೆ ಎಷ್ಟು ಒಳ್ಳೆಯ ಫಿಟ್ಟಿಂಗ್ಸ್ ಹಾಕಿದರೂ ಎರಡನೇ ಮಳೆಗಾಲಕ್ಕೆ ಅದು ಮೊದಲಿನಂತೆಯೇ ಆಗುವುದನ್ನು ಕಣ್ಣಾರೆ ನೋಡಿದ್ದೇನೆ.

ಹೋಟೆಲ್ ಬಾತ್‌ರೂಮಿನಲ್ಲಿ ನಿಮಗೆ ಹಿಡಿಸಿದ್ದು ಏನು ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಕಾಲಿಗೆ ಒಣ ನೆಲ ತಾಗುತ್ತದೆ. ಬೆಳಕು ಕಣ್ಣಿಗೆ ಚುಚ್ಚುವುದಿಲ್ಲ. ವಾಸನೆ ಇಲ್ಲ. ಶೆಲ್ಫ್ ಮೇಲೆ ಅರ್ಧ ಮುಗಿದ ಏಳು ಶಾಂಪೂ ಬಾಟಲಿ ಇರುವುದಿಲ್ಲ. ಇದೆಲ್ಲ 5–8 ಅಡಿಯ ರೂಮಿನಲ್ಲೂ ಆಗುತ್ತದೆ, ಅದಕ್ಕೆ ಟಬ್ಬು ಬೇಕಿಲ್ಲ.

ಏನನ್ನೂ ಒಡೆಯುವ ಮೊದಲು ಒಂದು ವಾರ ನಾಲ್ಕು ಪರೀಕ್ಷೆ ಮಾಡಿ ನೋಡಿ. ಖರ್ಚೇನೂ ಇಲ್ಲ.

ರಾತ್ರಿ 9ಕ್ಕೆ ಕೊನೆಯ ಸ್ನಾನ ಮುಗಿದರೆ, ಬೆಳಗ್ಗೆ 6ಕ್ಕೆ ಬರಿಗಾಲಲ್ಲಿ ಒಳಗೆ ಹೋಗಿ. ನೆಲ ಇನ್ನೂ ಒದ್ದೆಯಾಗಿದ್ದರೆ ಎರಡರಲ್ಲಿ ಒಂದು: ನೀರು ಹರಿದು ಹೋಗುತ್ತಿಲ್ಲ, ಇಲ್ಲವೇ ಗಾಳಿ ಆಡುತ್ತಿಲ್ಲ. ಯಾವುದು ಅಂತ ತಿಳಿಯಲು ಒಣ ನೆಲದ ಮೇಲೆ ಒಂದು ಮಗ್ ನೀರು ಚೆಲ್ಲಿ. ಹತ್ತು ನಿಮಿಷ ಬಿಟ್ಟು ನೀರು ಎಲ್ಲೆಲ್ಲಿ ನಿಂತಿದೆಯೋ ಅಲ್ಲಿ ಸೀಮೆಸುಣ್ಣದಿಂದ ಸುತ್ತು ಹಾಕಿ. ಮೇಸ್ತ್ರಿಗಳು ವಾಟ ಅನ್ನುವ ಇಳಿಜಾರು ಎಲ್ಲಿ ತಪ್ಪಿದೆ ಅನ್ನೋದಕ್ಕೆ ಅದೇ ನಕ್ಷೆ. ಸಾಮಾನ್ಯವಾಗಿ ಕಮೋಡಿನ ಹಿಂದೆ, ಬಾಗಿಲ ಹೊಸ್ತಿಲ ಬಳಿ ಒಂದೊಂದು ಸುತ್ತು ಬಿದ್ದೇ ಬೀಳುತ್ತದೆ. ವಾಟ ಒಂದು ಅಡಿಗೆ 4ರಿಂದ 5 ಮಿಲಿಮೀಟರ್ ಇರಬೇಕು. ಅಷ್ಟಿದ್ದರೆ ನೀರು ತಾನಾಗಿ ಜಾಲರಿ ಕಡೆ ನಡೆಯುತ್ತದೆ, ನಿಂತವರಿಗೆ ಇಳಿಜಾರು ಗೊತ್ತಾಗುವುದೂ ಇಲ್ಲ.

ಎರಡನೆಯದು ವಾಸನೆಯ ಪರೀಕ್ಷೆ. ನೆಲದ ಜಾಲರಿಯ ಕೆಳಗೆ ನಹಾನಿ ಟ್ರ್ಯಾಪ್ ಅನ್ನುವ ಬಾಗಿದ ಪೈಪ್ ಇರುತ್ತದೆ. ಅದರ ಬಾಗಿನಲ್ಲಿ ಸುಮಾರು 50 ಮಿಲಿಮೀಟರ್ ನೀರು ಸದಾ ನಿಂತಿರಬೇಕು. ಹೊರಗಿನ ಚರಂಡಿ ಚೇಂಬರಿನ ಗ್ಯಾಸ್ ಮನೆಯೊಳಗೆ ಬರದಂತೆ ತಡೆಯುವುದು ಆ ನೀರೊಂದೇ. ಹಳೇ ಮನೆಗಳಲ್ಲಿ ಎಷ್ಟೋ ಕಡೆ ತೀರಾ ಗಿಡ್ಡ ಟ್ರ್ಯಾಪ್ ಹಾಕಿರುತ್ತಾರೆ. ಬೇಸಿಗೆಯಲ್ಲಿ ನೀವು ನಾಲ್ಕು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ ಆ ನೀರು ಆರಿ ಹೋಗಿರುತ್ತದೆ. ರಾತ್ರಿ ಟ್ರ್ಯಾಪಿಗೆ ಒಂದು ಮಗ್ ನೀರು ಹಾಕಿ, ಜಾಲರಿ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಇಟ್ಟು, ಅದರ ಮೇಲೆ ಒದ್ದೆ ಬಟ್ಟೆ ಮಡಚಿ ಇಟ್ಟು ಮಲಗಿ. ಬೆಳಗ್ಗೆ ವಾಸನೆ ಇಲ್ಲದಿದ್ದರೆ ಕಳ್ಳ ಸಿಕ್ಕ ಹಾಗೆ. ಇನ್ನೂ ಇದ್ದರೆ ಕಮೋಡಿನ ಬುಡದ ಜಾಯಿಂಟ್, ವಾಶ್ ಬೇಸಿನ್ ಕೆಳಗಿನ ಟ್ರ್ಯಾಪ್, ವಾಷಿಂಗ್ ಮಷೀನ್ ಪೈಪ್ ಗೋಡೆಯೊಳಗೆ ಹೋಗುವ ತೂತು, ಇವನ್ನು ಒಂದೊಂದಾಗಿ ಮುಚ್ಚಿ ನೋಡಿ.

ವಾಸನೆಗೆ ಎಲ್ಲರೂ ಮೊದಲು ಮಾಡುವುದು ಫಿನಾಯಿಲ್, ಆ್ಯಸಿಡ್, ಪರಿಮಳದ ಡಬ್ಬಿ. ಪರಿಮಳ ವಾಸನೆಯನ್ನು ಮುಚ್ಚುತ್ತದೆ ಅಷ್ಟೇ, ಎರಡೂ ಸೇರಿ ಮೂರನೆಯದೊಂದು ವಾಸನೆ ಆಗುತ್ತದೆ. ಆ್ಯಸಿಡ್ ಇನ್ನೂ ಕೆಟ್ಟದ್ದು. ಟೈಲ್ಸ್ ನಡುವಿನ ಗ್ರೌಟ್ ಸಿಮೆಂಟಿನದು. ಆ್ಯಸಿಡ್ ಅದನ್ನು ತಿನ್ನುತ್ತದೆ, ಆ ಸಂದಿಯಿಂದ ನೀರು ಕೆಳಗಿಳಿಯುತ್ತದೆ. ಇನ್ನೊಂದು ಮಾತು, ದಯವಿಟ್ಟು ಕೆಲಸದವರಿಗೂ ತಿಳಿಸಿ: ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಯಾವತ್ತೂ ಒಟ್ಟಿಗೆ ಸೇರಬಾರದು. ಅದರಿಂದ ಕ್ಲೋರಿನ್ ಗ್ಯಾಸ್ ಬರುತ್ತದೆ. ಬಾಗಿಲು ಹಾಕಿದ ಸಣ್ಣ ರೂಮಿನಲ್ಲಿ ಅದು ಪ್ರಾಣಕ್ಕೇ ಅಪಾಯ.

ಮೂರನೆಯದು ಬೆಡ್‌ರೂಮಿನ ಗೋಡೆ. ಇದನ್ನು ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಹಣ ವ್ಯರ್ಥವಾಗುವುದೇ ಇಲ್ಲಿ. ಗೋಡೆಗೆ ಒದ್ದೆ ಮೂರು ದಾರಿಯಿಂದ ಬರಬಹುದು. ಗೋಡೆಯೊಳಗಿನ ನೀರಿನ ಪೈಪ್ ಸೋರುತ್ತಿರಬಹುದು. ನಿಮ್ಮ ಮನೆಯ ವಯಸ್ಸಿಗೆ ಜಿಐ ಪೈಪ್, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪ್ ಇರುವ ಸಾಧ್ಯತೆ ಇದೆ, ಅದು ಒಳಗಿಂದ ತುಕ್ಕು ಹಿಡಿಯುತ್ತದೆ. ಎರಡು, ನೆಲದ ಮತ್ತು ಗೋಡೆಯ ಟೈಲ್ಸ್ ಸಂದಿಯಿಂದ ಸ್ನಾನದ ನೀರು ಇಳಿಯುತ್ತಿರಬಹುದು. ಮೂರು, ನೆಲಮಾಳಿಗೆ ಇಲ್ಲದ ಕೆಳಗಿನ ಮನೆ ಆದ್ದರಿಂದ ತಳಪಾಯದ ಮಣ್ಣಿನ ತೇವ ಮೇಲಕ್ಕೆ ಏರುತ್ತಿರಬಹುದು. ಎಲ್ಲರೂ ಮೇಲಿನ ಬಾತ್‌ರೂಮನ್ನೇ ಬಳಸಿ ಐದು ದಿನ ಕೆಳಗಿನದನ್ನು ಬಿಟ್ಟುಬಿಡಿ. ನಲ್ಲಿಗಳು ಬಂದ್ ಇರಲಿ, ಪೈಪಿನಲ್ಲಿ ನೀರು ಇರಲಿ. ಅಷ್ಟಾದರೂ ಒದ್ದೆ ಹಾಗೇ ಇದ್ದರೆ, ಜಾಸ್ತಿಯಾದರೆ, ಅನುಮಾನ ಪೈಪಿನ ಮೇಲೆ. ಅಂಚು ಒಣಗಿ ಒದ್ದೆಯ ಜಾಗ ಕುಗ್ಗುತ್ತಾ ಬಂದರೆ ಸ್ನಾನದ ನೀರು. ಬಾತ್‌ರೂಮಿಗೆ ಸಂಬಂಧವೇ ಇಲ್ಲದ ಹಾಲ್ ಗೋಡೆಯ ಬುಡದಲ್ಲೂ ಎರಡು ಮೂರು ಅಡಿ ಎತ್ತರಕ್ಕೆ ಉಪ್ಪು ಹೂತಂತೆ ಬಿಳಿ ಪುಡಿ ಕಾಣಿಸಿದರೆ ಅದು ಮಣ್ಣಿನ ತೇವ. ಅದಕ್ಕೆ ಬಾತ್‌ರೂಮ್ ಒಡೆದು ಪ್ರಯೋಜನವಿಲ್ಲ, ತಳಪಾಯದ ಮಟ್ಟದಲ್ಲಿ ಬೇರೆಯೇ ಕೆಲಸ ಮಾಡಿಸಬೇಕು.

ನಾಲ್ಕನೆಯದು ಸುಲಭ. ಶವರ್ ಇರುವ ಕಡೆ ಬಕೆಟ್ ಇಟ್ಟು ನಲ್ಲಿ ಪೂರ್ತಿ ತಿರುಗಿಸಿ, ಒಂದು ನಿಮಿಷಕ್ಕೆ ಎಷ್ಟು ಲೀಟರ್ ಬರುತ್ತದೆ ಅಂತ ಅಳೆಯಿರಿ. ಇದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗ ಕಂಟ್ರಾಕ್ಟರ್ ಹೇಳಿದ ಮಾತಿಗೆ ಬರೋಣ. ಟೈಲ್ಸ್ ಮೇಲೆ ಟೈಲ್ಸ್ ಅಂಟಿಸುವುದು ತಪ್ಪು ಕೆಲಸ ಅಲ್ಲ. ಹಳೇ ಟೈಲ್ಸ್ ಗಟ್ಟಿಯಾಗಿ ಕೂತಿದ್ದು, ಎಲ್ಲೂ ಸೋರಿಕೆ ಇಲ್ಲದೆ, ಸುಮ್ನೆ ಬಣ್ಣ ಬೇಜಾರಾಗಿದೆ ಅಂತಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಧೂಳಿಲ್ಲ, ಖರ್ಚು ಕಡಿಮೆ. ಆದರೆ ನಿಮ್ಮ ಗೋಡೆ ಒದ್ದೆ ಇದೆ. ಅದರ ಮೇಲೆ ಹೊಸ ಟೈಲ್ಸ್ ಅಂಟಿಸುವುದು ಗಾಯ ತೊಳೆಯದೆ ಬ್ಯಾಂಡೇಜ್ ಕಟ್ಟಿದ ಹಾಗೆ. ಜೊತೆಗೆ ನೆಲ ಅರ್ಧ ಇಂಚಾದರೂ ಏರುತ್ತದೆ, ಹೊಸ್ತಿಲ ಎತ್ತರ ಅಷ್ಟು ಕಡಿಮೆಯಾಗುತ್ತದೆ, ನೀರು ಹೊರಗೆ ಬರುತ್ತದೆ. ಟೈಲ್ಸ್ ಹಾಕಿದರೆ ನೀರು ನಿಲ್ಲುತ್ತದೆ ಅನ್ನೋದು ತುಂಬ ಜನರ ನಂಬಿಕೆ. ನೀರನ್ನು ತಡೆಯುವುದು ಟೈಲ್ಸ್ ಕೆಳಗಿನ ವಾಟರ್‌ಪ್ರೂಫಿಂಗ್ ಪದರ. ಟೈಲ್ಸ್ ಅದರ ಮೇಲಿನ ಬಟ್ಟೆ ಇದ್ದಂತೆ.

ಹೊಳೆಯುವ ಬಿಳಿ ಟೈಲ್ಸ್ ಗೋಡೆಗೆ ಇರಲಿ ಬೇಕಾದರೆ, ನೆಲಕ್ಕೆ ಖಂಡಿತ ಬೇಡ. ಈ ಮಾತು ನಾನು ಕಲಿತದ್ದು ಮನೆಯಲ್ಲೇ. ಕೆಲಸ ಶುರು ಮಾಡಿದ ಮೊದಲ ವರ್ಷಗಳಲ್ಲಿ ನನ್ನ ಅಕ್ಕನ ಮನೆಗೆ ನೆಲದ ಟೈಲ್ಸ್ ಆರಿಸಿಕೊಟ್ಟವನು ನಾನು. ಕನ್ನಡಿಯಂತೆ ಹೊಳೆಯುತ್ತಿತ್ತು, ಎಲ್ಲರೂ ಮೆಚ್ಚಿದರು. ನರಕ ಚತುರ್ದಶಿ ದಿನ ಭಾವ ಎಣ್ಣೆ ಹಚ್ಚಿಕೊಂಡು ಸ್ನಾನಕ್ಕೆ ಹೋದರು. ಎಣ್ಣೆ ಪಾದ, ಸೀಗೆಪುಡಿ ನೀರು, ನುಣ್ಣನೆ ನೆಲ. ಬಿದ್ದ ರಭಸಕ್ಕೆ ಮಣಿಕಟ್ಟು ಮುರಿಯಿತು. ಹಬ್ಬದ ಬೆಳಗ್ಗೆ ಆಸ್ಪತ್ರೆ ಬೆಂಚಿನ ಮೇಲೆ ಅಕ್ಕನ ಪಕ್ಕ ಕೂತಿದ್ದು ಇವತ್ತಿಗೂ ಮರೆತಿಲ್ಲ. ಆಮೇಲೆ ಯಾವ ಮನೆಗೂ ನಾನು ಹೊಳಪಿನ ನೆಲ ಹಾಕಿಸಿಲ್ಲ.

ಟೈಲ್ಸ್ ಅಂಗಡಿಯಲ್ಲಿ ಜಾರದ ಗುಣಕ್ಕೆ ಆರ್9, ಆರ್10, ಆರ್11 ಅಂತ ಅಂಕ ಇರುತ್ತದೆ. ಅಂಕ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಸ್ನಾನದ ಜಾಗಕ್ಕೆ ಆರ್11, ಉಳಿದ ನೆಲಕ್ಕೆ ಕನಿಷ್ಠ ಆರ್10 ಕೇಳಿ. ಅಂಕವನ್ನಷ್ಟೇ ನಂಬಬೇಡಿ. ಸ್ಯಾಂಪಲ್ ಟೈಲ್ ಮನೆಗೆ ತಂದು, ಸೋಪು ನೀರು ಹಾಕಿ, ಗೋಡೆ ಹಿಡಿದುಕೊಂಡು ಬರಿಗಾಲಲ್ಲಿ ಪಾದ ಉಜ್ಜಿ ನೋಡಿ. ತೀರಾ ಒರಟು ಇದ್ದರೆ ಕೊಳೆ ಕೂರುತ್ತದೆ, ಉಜ್ಜುವವರಿಗೆ ಕಷ್ಟ. ಮಧ್ಯದ್ದು ಸಾಕು. ನೆಲಕ್ಕೆ ಒಂದಡಿಯ ಟೈಲ್ಸ್ ಹಾಕಿಸಿ, ಎರಡಡಿಯದು ಬೇಡ. ದೊಡ್ಡ ಟೈಲ್ ಬಾಗುವುದಿಲ್ಲವಲ್ಲ, ಸಣ್ಣ ರೂಮಿನಲ್ಲಿ ಜಾಲರಿ ಕಡೆಗೆ ವಾಟ ಕೊಡಲು ಮೇಸ್ತ್ರಿಗೆ ಆಗುವುದಿಲ್ಲ. ಕಲ್ಲು ಇಷ್ಟವಾದರೆ ಸಾದರಹಳ್ಳಿಯ ಬೂದು ಗ್ರಾನೈಟ್ ಇದೆ, ದೇವನಹಳ್ಳಿ ಕಡೆಯದು. ಬೆಂಕಿ ತಾಗಿಸಿ ಒರಟು ಮಾಡಿದ ಫಿನಿಷ್ ತೆಗೆದುಕೊಂಡರೆ ಒದ್ದೆಯಲ್ಲೂ ಪಾದಕ್ಕೆ ಹಿಡಿತ ಸಿಗುತ್ತದೆ. ಕಡಪ ಕಲ್ಲು ಸುಣ್ಣದ ಕಲ್ಲಿನ ಜಾತಿ, ಆ್ಯಸಿಡ್ ಬಿದ್ದರೆ ಕಲೆ ಶಾಶ್ವತ, ನಿಮ್ಮ ನೀರಿನ ಬಿಳಿ ಪದರವೂ ಅದರ ಮೇಲೆ ಎದ್ದು ಕಾಣುತ್ತದೆ.

ಆ ಬಿಳಿ ಕಲೆಗೆ ಕಾರಣ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂವರೆಗೆ ಒಪ್ಪಿತ, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ಸರಿ ಅಂತ ಇದೆ. ಒಮ್ಮೆ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ತುಂಬ ಜಾಸ್ತಿ ಇದ್ದರೆ ಸಾಫ್ಟ್‌ನರ್ ಹಾಕಬಹುದು, ಆದರೆ ಅದಕ್ಕೆ ಆಗಾಗ ಉಪ್ಪು ಹಾಕಬೇಕು, ತೊಳೆಯಲು ನೀರು ಬೇಕು, ನೋಡಿಕೊಳ್ಳಲು ಒಬ್ಬರು ಬೇಕು. ಅದಕ್ಕಿಂತ ಸುಲಭದ ದಾರಿ, ನೀರು ಒಣಗಿ ಕಲೆಯಾಗುವ ಮೊದಲೇ ವೈಪರ್‌ನಿಂದ ಎಳೆದುಬಿಡುವುದು. ಸ್ನಾನ ಮುಗಿಸಿದವರು ಅರ್ಧ ನಿಮಿಷ ಕೊಟ್ಟರೆ ಸಾಕು. ಹಳೇ ಕಲೆಗೆ ನಿಂಬೆರಸ ಅಥವಾ ವಿನೆಗರ್ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ, ಮಾರ್ಬಲ್ ಮತ್ತು ಕಡಪ ಕಲ್ಲಿಗೆ ಮಾತ್ರ ಬೇಡ.

ಇದೇ ಕಾರಣಕ್ಕೆ ಗಾಜಿನ ಪಾರ್ಟಿಷನ್ ಬಗ್ಗೆ ನನಗೆ ಉತ್ಸಾಹ ಇಲ್ಲ. ನಿಮ್ಮ ನೀರಿಗೆ ಗಾಜು ಆರು ತಿಂಗಳಲ್ಲಿ ಮಂಜು ಕವಿದಂತೆ ಆಗುತ್ತದೆ. ಆದರೆ ನಿಮ್ಮ ಮನೆಯವರ ಆಸೆಯ ಹಿಂದಿನ ವಿಚಾರ ಮಾತ್ರ ನೂರಕ್ಕೆ ನೂರು ಸರಿ: ಒದ್ದೆ ಜಾಗ ಬೇರೆ, ಒಣ ಜಾಗ ಬೇರೆ ಇರಬೇಕು.

ನನ್ನ ಅಜ್ಜಿಯ ಮನೆ ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿತ್ತು. ಬಚ್ಚಲುಮನೆ ಹಿತ್ತಲ ಕಡೆ. ಗೋಡೆಗೆ ಹುಗಿದ ತಾಮ್ರದ ಹಂಡೆ, ಕೆಳಗೆ ಒಲೆ, ಕೂರಲು ಮಣೆ, ಕಾಲ ಕೆಳಗೆ ಒರಟು ಹಾಸುಗಲ್ಲು. ಬೆಳಕು ಅಂದರೆ ಒಲೆಯ ಕೆಂಡ ಮತ್ತು ಮೇಲಿನ ಒಂದು ಗಾಜಿನ ಹೆಂಚು. ಸ್ನಾನದ ನೀರು ಗೋಡೆಯ ತೂತಿನಿಂದ ನೇರ ಬಾಳೆ ಬುಡಕ್ಕೆ ಹೋಗುತ್ತಿತ್ತು. ದೀಪಾವಳಿಯ ನೀರು ತುಂಬುವ ಸಂಜೆ ಆ ಹಂಡೆ ತೊಳೆದು, ಮಾಲಿಂಗನ ಬಳ್ಳಿ ಸುತ್ತಿ, ಪೂಜೆ ಮಾಡುತ್ತಿದ್ದರು. ಅಲ್ಲಿ ಕೂತರೆ ಎದ್ದು ಬರಲು ಮನಸ್ಸಾಗುತ್ತಿರಲಿಲ್ಲ. ಒಲೆಯ ಬಿಸಿಗೆ ಕಲ್ಲು ಬೇಗ ಒಣಗುತ್ತಿತ್ತು. ಕಕ್ಕಸು ಬೇರೆ ಕಡೆ ಇತ್ತು. ಬಚ್ಚಲಿನಲ್ಲಿ ಸ್ನಾನ ಒಂದೇ ಕೆಲಸ. ಈಗಿನ ಮನೆಯಲ್ಲಿ ಎರಡನ್ನೂ 40 ಚದರಡಿಯೊಳಗೆ ತಂದಿದ್ದೇವೆ. ಹಾಗಾಗಿ ಆ ಹಳೇ ದೂರವನ್ನು ಒಂದೇ ರೂಮಿನೊಳಗೆ ಹೇಗಾದರೂ ಉಳಿಸಿಕೊಳ್ಳಬೇಕು.

ನಿಮ್ಮ 8 ಅಡಿ ಉದ್ದವನ್ನು ಹೀಗೆ ಹಂಚಬಹುದು. ಬಾಗಿಲ ಹತ್ತಿರ ಬೇಸಿನ್, ನಂತರ ಕಮೋಡ್, ಕಿಟಕಿಯ ಕಡೆಯ ಕೊನೆಯ 3 ಅಡಿ ಪೂರ್ತಿ ಸ್ನಾನಕ್ಕೆ. 5 ಅಡಿ ಅಗಲ, 3 ಅಡಿ ಉದ್ದದ ಜಾಗ ಒಬ್ಬರಿಗೆ ಧಾರಾಳ, ಅತ್ತೆಗೆ ಸ್ಟೂಲ್ ಹಾಕಿದರೂ ಜಾಗ ಉಳಿಯುತ್ತದೆ. ಈ ಎರಡು ಭಾಗದ ನಡುವೆ ಮೆಟ್ಟಿಲು ಮಾಡಬೇಡಿ, ಮಂಡಿ ನೋವಿನವರು ಎಡವುವುದೇ ಅಲ್ಲಿ. ಒಂದು ಸೆಂಟಿಮೀಟರ್ ಎತ್ತರದ, ಅಂಚು ದುಂಡಗೆ ಮಾಡಿದ ಗ್ರಾನೈಟ್ ಪಟ್ಟಿ ಸಾಕು. ಸ್ನಾನದ ಜಾಗಕ್ಕೂ ಒಣ ಜಾಗಕ್ಕೂ ಬೇರೆ ಬೇರೆ ಜಾಲರಿ ಇರಲಿ. ಗಾಜಿನ ಬದಲು ಕಮೋಡ್ ಪಕ್ಕ ಮೂರೂವರೆ ಅಡಿಯ ಗಿಡ್ಡ ಗೋಡೆ ಕಟ್ಟಬಹುದು, ಅಥವಾ ಒಳ್ಳೆಯ ಪರದೆ ಹಾಕಬಹುದು. ಪರದೆಯನ್ನು ತಿಂಗಳಿಗೊಮ್ಮೆ ಬಟ್ಟೆ ಜೊತೆ ಮಷೀನಿಗೆ ಹಾಕಿದರಾಯಿತು. ಗಾಜೇ ಬೇಕು ಅಂದರೆ 8 ಮಿಲಿಮೀಟರ್ ದಪ್ಪದ ಟಫನ್ಡ್ ಗಾಜು, ಬಾಗಿಲಿಲ್ಲದ ಒಂದೇ ಹಲಗೆ ಹಾಕಿಸಿ. ಸಾದಾ ಗಾಜು ಅಂಗಡಿಯವರು ಕಡಿಮೆ ಬೆಲೆಗೆ ಕೊಡುತ್ತೇನೆ ಅಂದರೂ ಒಪ್ಪಬೇಡಿ. ಒಡೆದರೆ ಕತ್ತಿಯಂಥ ಚೂರು.

ಟಬ್ಬಿನ ಲೆಕ್ಕ ಮಗಳ ಜೊತೆ ಕೂತು ಮಾಡಿ, ಅವಳಿಗೇ ಅರ್ಥವಾಗುತ್ತದೆ. ಐದಡಿಯ ಟಬ್ ತುಂಬಲು ಸುಮಾರು 150ರಿಂದ 200 ಲೀಟರ್ ನೀರು ಬೇಕು, ಅಂದರೆ ಹತ್ತು ಬಕೆಟ್. 25 ಲೀಟರ್ ಗೀಸರ್‌ನ ಬಿಸಿ ನೀರಿಗೆ ತಣ್ಣೀರು ಬೆರೆಸಿದರೆ ಹದವಾದ ನೀರು 55–60 ಲೀಟರ್ ಸಿಗುತ್ತದೆ. ಟಬ್ ತುಂಬಲು ಮೂರು ಸಲ ಕಾಯಿಸಬೇಕು, ಅಷ್ಟರಲ್ಲಿ ಮೊದಲಿನದು ತಣ್ಣಗಾಗಿರುತ್ತದೆ. ಬೋರ್‌ವೆಲ್ ನಂಬಿರುವ ಊರಿನಲ್ಲಿ ಇದು ದಿನದ ಮಾತಲ್ಲ. ಟಬ್ ಅಂಚು ದಾಟುವುದು ಅತ್ತೆಗೆ ಆಗುವುದಿಲ್ಲ, ಇರುವ ಸ್ನಾನದ ಜಾಗವೂ ಹೋಗುತ್ತದೆ. ಮಗಳಿಗೆ ಬೇಕಿರುವುದು ಬಿಸಿ ನೀರಿನಲ್ಲಿ ಮೈ ಸಡಿಲಾಗುವ ಸುಖ ಅಲ್ವಾ? ಅಗಲವಾದ ಒಂದು ಮರದ ಮಣೆ, ಪಕ್ಕದಲ್ಲಿ ದೊಡ್ಡ ತಾಮ್ರದ ಪಾತ್ರೆ ತುಂಬ ನೀರು, ಕೈಯಲ್ಲಿ ಚೊಂಬು. ಕಾಲು ಮಡಚಿ ಕೂತು ಬೆನ್ನ ಮೇಲೆ ನಿಧಾನ ಸುರಿದುಕೊಂಡರೆ 25 ಲೀಟರಿನಲ್ಲಿ ಆ ಸುಖ ಸಿಗುತ್ತದೆ.

ರೇನ್ ಶವರ್‌ಗೆ ನೀವು ಅಳೆದ ಬಕೆಟ್ ಉತ್ತರ ಹೇಳುತ್ತದೆ. ನೀರು 10 ಮೀಟರ್ ಎತ್ತರದಿಂದ ಇಳಿದರೆ ಸುಮಾರು 1 ಬಾರ್ ಒತ್ತಡ. ನಿಮ್ಮ ಟ್ಯಾಂಕ್ ಶವರ್‌ಗಿಂತ 5–6 ಮೀಟರ್ ಮೇಲಿದ್ದರೆ ಅರ್ಧ ಬಾರ್. ಅಷ್ಟರಲ್ಲಿ ಒಂದಡಿ ಅಗಲದ ಶವರ್ ಹಾಕಿದರೆ ನೀರು ಮಳೆಯಂತೆ ಬೀಳದೆ ನಡುವಿನಿಂದ ತೊಟ್ಟಿಕ್ಕುತ್ತದೆ. ಒತ್ತಡದ ಪಂಪ್ ಹಾಕಿದರೆ ಸರಿಹೋಗುತ್ತದೆ, ಆದರೆ ಆ ಗುಂಯ್ ಸದ್ದು, ಕರೆಂಟು, ಹಳೇ ಜಾಯಿಂಟ್‌ಗಳ ಮೇಲೆ ಬೀಳುವ ಒತ್ತಡ ಎಲ್ಲ ಲೆಕ್ಕಕ್ಕೆ ಬರುತ್ತದೆ. ನಿಮಿಷಕ್ಕೆ 8 ಲೀಟರ್ ದಾಟದಿದ್ದರೆ 4–5 ಇಂಚಿನ ಸಾದಾ ಶವರ್, ಜೊತೆಗೆ ಕೈಯಲ್ಲಿ ಹಿಡಿಯುವ ಶವರ್ ಸಾಕು. ಎರಡನೆಯದು ಕೂತು ಸ್ನಾನ ಮಾಡುವ ಅತ್ತೆಗೆ ತುಂಬ ಅನುಕೂಲ.

ಕಮೋಡ್ ವಿಷಯ. ನಿಮ್ಮ ನಂಬಿಕೆ ನಿಮ್ಮದು, ಅದರ ಬಗ್ಗೆ ನಾನು ವಾದ ಮಾಡುವುದಿಲ್ಲ. ಇದ್ದ ಪೈಪಿಗೇ ಸೇರುವಂತೆ ಕಮೋಡ್ ತಿರುಗಿಸಿ ಕೂರಿಸಲು ಸಾಧ್ಯವಿದ್ದರೆ ತಿರುಗಿಸಿ. ಆದರೆ ಐದಾರು ಅಡಿ ದೂರಕ್ಕೆ ಸರಿಸಿ, ನೆಲದೊಳಗೆ ಎರಡು ಬೆಂಡ್ ಹಾಕಿ 4 ಇಂಚಿನ ಪೈಪ್ ಎಳೆದರೆ ಇಳಿಜಾರು ಸಾಲದೆ ಕಟ್ಟಿಕೊಳ್ಳುವ ಅಪಾಯ ಇದೆ. ವಾಸ್ತು ಹೇಳಿದವರ ಮುಂದೆಯೇ ಪ್ಲಂಬರ್‌ನನ್ನು ಕೂರಿಸಿ ಮಾತಾಡಿ.

ಗಾಳಿಯ ವಿಷಯದಲ್ಲಿ ಒಂದು ತಪ್ಪು ಎಲ್ಲ ಮನೆಯಲ್ಲೂ ಕಾಣುತ್ತೇನೆ. ಎಕ್ಸಾಸ್ಟ್ ಫ್ಯಾನ್ ಇರುತ್ತದೆ, ಬಾಗಿಲು ಮಾತ್ರ ನೆಲಕ್ಕೆ ಅಂಟಿದಂತೆ ಇರುತ್ತದೆ. ಒಳಗೆ ಗಾಳಿ ಬರದೆ ಫ್ಯಾನ್ ಏನನ್ನು ಹೊರಗೆ ಹಾಕಬೇಕು? ಬಾಗಿಲ ಕೆಳಗೆ ಒಂದೂವರೆ ಸೆಂಟಿಮೀಟರ್ ಸಂದಿ ಬಿಡಿ. ಫ್ಯಾನ್ ಬಾಗಿಲಿಗೆ ಎದುರಿನ ಗೋಡೆಯಲ್ಲಿ, ಸ್ನಾನದ ಜಾಗದ ಮೇಲೆ ಇರಲಿ. ಆಗ ಗಾಳಿ ಒಣ ಕಡೆಯಿಂದ ಒದ್ದೆ ಕಡೆಗೆ ಹಾದು ಹೋಗುತ್ತದೆ. ನಿಮ್ಮ ಅಳತೆಗೆ 6 ಇಂಚಿನ ಫ್ಯಾನ್ ಸಾಕು, ಆದರೆ ಸದ್ದು ಕಡಿಮೆ ಇರುವುದನ್ನು ಅಂಗಡಿಯಲ್ಲೇ ಹಚ್ಚಿಸಿ ಕೇಳಿ ತನ್ನಿ. ಸ್ನಾನ ಮುಗಿದ ಮೇಲೆ ಅರ್ಧ ಗಂಟೆ ಓಡಿ ತಾನಾಗಿ ನಿಲ್ಲುವ ಟೈಮರ್ ಸ್ವಿಚ್ ಹಾಕಿಸಿ.

ಮೈಸೂರಿನಲ್ಲಿ ನಿವೃತ್ತರಾದ ದಂಪತಿಯ ಮನೆಯಲ್ಲಿ ನಾನು ಮಾಡಿಸಿದ್ದು ಇಷ್ಟೇ: ಬಾಗಿಲ ಸಂದಿ, ಫ್ಯಾನ್, ಟ್ರ್ಯಾಪ್ ಬದಲಾವಣೆ, ಲೈಟು. ಟೈಲ್ಸ್ ಮುಟ್ಟಲಿಲ್ಲ. ತಿಂಗಳ ಮೇಲೆ ಹೋದಾಗ ಆ ಮನೆಯ ಅಮ್ಮ ಬಾಗಿಲು ತೆಗೆದು, 'ನೋಡಿ, ಈಗ ಕಾಲೊರೆಸುವ ಮ್ಯಾಟ್ ಒದ್ದೆಯೇ ಆಗಲ್ಲ' ಅಂದರು. ಅವರ ಮುಖದಲ್ಲಿದ್ದ ಖುಷಿ ನನಗೆ ದೊಡ್ಡ ಬಂಗಲೆ ಕೆಲಸ ಮುಗಿಸಿದಾಗಲೂ ಸಿಕ್ಕಿಲ್ಲ.

ಲೈಟು ಅಂದೆ. ನಮ್ಮ ಬಾತ್‌ರೂಮುಗಳಲ್ಲಿ ಒಂದೇ ಒಂದು ಬಿಳಿ ಟ್ಯೂಬ್‌ಲೈಟ್ ಇರುತ್ತದೆ, ಆಪರೇಷನ್ ಥಿಯೇಟರಿನ ಹಾಗೆ. ಎಲ್‌ಇಡಿ ಡಬ್ಬಿ ಮೇಲೆ 6500 ಕೆಲ್ವಿನ್ ಅಂತ ಬರೆದಿದ್ದರೆ ಅದು ನೀಲಿ ಮಿಶ್ರಿತ ಬಿಳಿ, 2700 ಅಥವಾ 3000 ಇದ್ದರೆ ದೀಪದಂಥ ಹಳದಿ. ಎರಡು ಬೇರೆ ಸ್ವಿಚ್ ಕೊಡಿಸಿ. ಉಜ್ಜಿ ತೊಳೆಯುವಾಗ ಬಿಳಿ, ಸಂಜೆಯ ಸ್ನಾನಕ್ಕೆ 5 ವ್ಯಾಟಿನ ಒಂದು ಹಳದಿ ಲೈಟು, ನೇರ ಕಣ್ಣಿಗೆ ಬೀಳದಂತೆ ಗೋಡೆಯ ಕಡೆ ತಿರುಗಿಸಿದ್ದು. ಕನ್ನಡಿಯ ಲೈಟು ಮುಖದ ಎತ್ತರದಲ್ಲಿ ಎರಡು ಪಕ್ಕ ಇರಲಿ. ಅತ್ತೆ ರಾತ್ರಿ ಏಳುತ್ತಾರೆ, ಅವರಿಗೆ ನೆಲದಿಂದ ಒಂದಡಿ ಎತ್ತರದಲ್ಲಿ, ಯಾರಾದರೂ ಹತ್ತಿರ ಬಂದ ಕೂಡಲೇ ಹತ್ತುವ ಸಣ್ಣ ಸೆನ್ಸರ್ ಲೈಟು. ದೊಡ್ಡ ಲೈಟು ಹಾಕಿದರೆ ನಿದ್ದೆ ಹಾರಿ ಹೋಗುತ್ತದೆ.

ಸದ್ದಿನ ಬಗ್ಗೆ ಯಾರೂ ಕೇಳುವುದಿಲ್ಲ, ಆದರೆ ಕಣ್ಣು ಮುಚ್ಚಿ ಒಳಗೆ ಎರಡು ನಿಮಿಷ ನಿಂತರೆ ಎಲ್ಲ ಕೇಳಿಸುತ್ತದೆ: ತೊಟ್ಟಿಕ್ಕುವ ನಲ್ಲಿ, ಸದಾ ಸಣ್ಣಗೆ ತುಂಬುತ್ತಲೇ ಇರುವ ಫ್ಲಶ್ ಟ್ಯಾಂಕ್, ಧಡ್ ಅಂತ ಬೀಳುವ ಸೀಟು. ಇವುಗಳ ರಿಪೇರಿ ನೂರರ ಲೆಕ್ಕದ್ದು, ಮೊದಲು ಅದು ಆಗಲಿ.

ಬಣ್ಣಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ತಿಳಿ ಬೂದು, ಮರಳಿನ ಬಣ್ಣ, ಎಲೆ ಹಸಿರಿನ ಮಾಸಲು ಛಾಯೆ, ಇವುಗಳಲ್ಲಿ ಒಂದು. ಗ್ರೌಟ್ ಅದೇ ಬಣ್ಣಕ್ಕೆ ಹತ್ತಿರದ್ದು. ಗಿಡ ಇಡುವ ಆಸೆ ಇದ್ದರೆ ಕಿಟಕಿ ಬೆಳಕು ಬೀಳುವ ಕಡೆ ಬಾಟಲಿಯಲ್ಲಿ ಮನಿ ಪ್ಲಾಂಟ್ ಬದುಕುತ್ತದೆ. ಗಿಡ ಗಾಳಿಯನ್ನು ಶುದ್ಧ ಮಾಡುತ್ತದೆ ಅನ್ನುವುದನ್ನು ಮಾತ್ರ ನಂಬಬೇಡಿ, ಒಂದೆರಡು ಗಿಡದಿಂದ ಅಷ್ಟು ಆಗುವುದಿಲ್ಲ. ಹಸಿರು ಕಣ್ಣಿಗೆ ಹಿತ, ಅಷ್ಟು ಸಾಕು. ರೂಮ್ ಒಣಗಲು ಶುರುವಾದ ಮೇಲೆ ಲಾವಂಚದ ಬೇರಿನ ಒಂದು ಸಣ್ಣ ಕಟ್ಟನ್ನು ಕಿಟಕಿಗೆ ನೇತುಹಾಕಿ.

ಅತ್ತೆಗಾಗಿ ಇನ್ನೂ ಕೆಲವು ಮಾತು. ಕಮೋಡ್ ಪಕ್ಕ ಮತ್ತು ಸ್ನಾನದ ಜಾಗದಲ್ಲಿ ಒಂದೊಂದು ಸ್ಟೀಲ್ ಹಿಡಿಕೆ, ಇಟ್ಟಿಗೆಯೊಳಗೆ ಆ್ಯಂಕರ್ ಬೋಲ್ಟ್ ಹಾಕಿ ಬಿಗಿದದ್ದು. ಅಂಟಿಸುವ ರಬ್ಬರ್ ಕಪ್ ಹಿಡಿಕೆ ಬೇಡವೇ ಬೇಡ, ಭಾರ ಬಿದ್ದಾಗಲೇ ಅದು ಕಿತ್ತು ಬರುವುದು. ಬಾಗಿಲು ಹೊರಕ್ಕೆ ತೆರೆಯಲಿ. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ಅವರ ಮೈಯೇ ತಡೆಯುತ್ತದೆ. ಹೊರಗಿನಿಂದ ನಾಣ್ಯದಲ್ಲಿ ತಿರುಗಿಸಿ ತೆಗೆಯುವ ಲಾಕ್ ಹಾಕಿಸಿ. ಗೀಸರ್ ಲೈನಿಗೆ 30 ಮಿಲಿಆ್ಯಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್) ಇದೆಯೇ, ಅರ್ಥಿಂಗ್ ಸರಿಯಿದೆಯೇ ಎಲೆಕ್ಟ್ರಿಷಿಯನ್ ಹತ್ತಿರ ಪರೀಕ್ಷೆ ಮಾಡಿಸಿ. ಗ್ಯಾಸ್ ಗೀಸರ್ ಇದ್ದರೆ ಇವತ್ತೇ ಬಾತ್‌ರೂಮಿನಿಂದ ಹೊರಗೆ ಹಾಕಿಸಿ. ಮುಚ್ಚಿದ ರೂಮಿನಲ್ಲಿ ಅದು ಉರಿದಾಗ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆ ಇಲ್ಲ. ಸ್ನಾನಕ್ಕೆ ಹೋದವರು ಎಚ್ಚರ ತಪ್ಪಿ ಹೊರಗೇ ಬಂದಿಲ್ಲ ಅನ್ನುವ ಸುದ್ದಿ ನೀವೂ ಪೇಪರಿನಲ್ಲಿ ಓದಿರುತ್ತೀರಿ.

ಪರೀಕ್ಷೆಯಲ್ಲಿ ಸ್ನಾನದ ನೀರು ಅಥವಾ ಪೈಪು ಕಾರಣ ಅಂತ ಗೊತ್ತಾದರೆ, ಒಡೆಯುವುದೇ ಸರಿ. ಹಳೇ ಪೈಪ್ ತೆಗೆದು ಸಿಪಿವಿಸಿ, ಅಂದರೆ ಬಿಸಿ ನೀರು ತಡೆಯುವ ಪ್ಲಾಸ್ಟಿಕ್ ಪೈಪ್ ಹಾಕಿಸಿ. ಗೋಡೆ ಮುಚ್ಚುವ ಮೊದಲು ಪೈಪಿಗೆ ಒತ್ತಡ ಕೊಟ್ಟು ಪರೀಕ್ಷೆ ಮಾಡಲಿ, ಎಲ್ಲ ಪೈಪಿನ ಫೋಟೋ ಅಳತೆ ಪಟ್ಟಿ ಇಟ್ಟು ತೆಗೆದುಕೊಳ್ಳಿ. ಮುಂದೆ ಮೊಳೆ ಹೊಡೆಯುವಾಗ ಆ ಫೋಟೋ ಬೇಕಾಗುತ್ತದೆ. ವಾಟವನ್ನು ಕಾಂಕ್ರೀಟಿನಲ್ಲೇ ಕೊಡಿಸಿ, ರಸಮಟ್ಟ ಇಟ್ಟು ನೀವೇ ನೋಡಿ. ವಾಟರ್‌ಪ್ರೂಫಿಂಗ್ ಎರಡು ಕೋಟ್, ನೆಲದಿಂದ ಗೋಡೆಗೆ ಒಂದಡಿ ಏರಿಸಿ, ಸ್ನಾನದ ಜಾಗದಲ್ಲಿ 7 ಅಡಿವರೆಗೆ. ನಂತರ ಟ್ರ್ಯಾಪ್ ಬಾಯಿ ಮುಚ್ಚಿ, ಎರಡು ಇಂಚು ನೀರು ನಿಲ್ಲಿಸಿ, ಅಂಚಿನಲ್ಲಿ ಗುರುತು ಹಾಕಿ, 48 ಗಂಟೆ ಬಿಡಿ. ಕೆಲಸ ನಿಂತಿದೆ ಅಂತ ಮೇಸ್ತ್ರಿ ಅವಸರ ಮಾಡುತ್ತಾರೆ. ಅವರ ಎರಡು ದಿನದ ಕೂಲಿ ಕೊಟ್ಟಾದರೂ ಕಾಯಿರಿ. ಹೇಗೋ ಹಣ ಹೊಂದಿಸಬೇಕು ಅಂದರೆ ಟೈಲ್ಸ್‌ನಲ್ಲಿ, ನಲ್ಲಿಯ ಬ್ರ್ಯಾಂಡಿನಲ್ಲಿ ಕಡಿಮೆ ಮಾಡಿ. ನಲ್ಲಿಯನ್ನು ಐದು ವರ್ಷದ ಮೇಲೆ ಒಂದು ಗಂಟೆಯಲ್ಲಿ ಬದಲಿಸಬಹುದು, ಟೈಲ್ಸ್ ಕೆಳಗಿನದನ್ನು ಆಗುವುದಿಲ್ಲ.

ಬೆಡ್‌ರೂಮಿನ ಗೋಡೆಗೆ ಮಾತ್ರ ಕೂಡಲೇ ಪೇಂಟ್ ಹೊಡೆಸಬೇಡಿ. ಸೋರಿಕೆ ನಿಂತ ಮೇಲೂ ಇಟ್ಟಿಗೆ ಕುಡಿದ ನೀರು ಹೊರಗೆ ಬರಲು ಎರಡು ಮೂರು ತಿಂಗಳು ಬೇಕು. ಉದುರುವ ಪ್ಲಾಸ್ಟರ್ ಕೆರೆದು ಹಾಕಿ, ಗೋಡೆಯನ್ನು ಬರಿದೇ ಬಿಡಿ. ಹದಿನೈದು ದಿನಕ್ಕೊಮ್ಮೆ ಒದ್ದೆಯ ಅಂಚಿಗೆ ಪೆನ್ಸಿಲಿನಿಂದ ಗೆರೆ ಹಾಕಿ, ಪಕ್ಕದಲ್ಲಿ ತಾರೀಕು ಬರೆಯಿರಿ. ಗೆರೆಗಳು ಒಂದರೊಳಗೊಂದು ಚಿಕ್ಕದಾಗುತ್ತಾ ಹೋದರೆ ಮಳೆಗಾಲ ಮುಗಿದ ಮೇಲೆ ಪೇಂಟರ್‌ಗೆ ಹೇಳಿ ಕಳಿಸಿ. ಗೆರೆ ಹಾಗೇ ನಿಂತಿದ್ದರೆ ಆ ತಾರೀಕುಗಳ ಫೋಟೋ ತೆಗೆದು ನನಗೆ ಕಳಿಸಿ, ಕೂತು ನೋಡೋಣ.